ಏಳು ವರ್ಷದಿಂದ ಜೊತೆಗಿರುವ 5 ಮೀಟರ್ ಟೇಪು

ಆರ್ಕಿಟೆಕ್ಚರ್‌ಗೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಲ್ಯಾಪ್‌ಟಾಪ್ ಬಗ್ಗೆ. ನಾನು ಮೊದಲು ಹೇಳುವುದು ಟೇಪಿನ ಬಗ್ಗೆ. ನನ್ನದು 5 ಮೀಟರ್ ಉದ್ದ, 19 ಮಿ.ಮೀ. ಅಗಲದ ಸ್ಟೀಲ್ ಟೇಪು. ಏಳು ವರ್ಷದ ಹಿಂದೆ ಸಾಗರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ 280 ರೂಪಾಯಿ ಕೊಟ್ಟು ಕೊಂಡದ್ದು. ಐದು ವರ್ಷದ ಬಿ.ಆರ್ಕ್. ಮುಗಿಯಿತು. ಒಂದು ವರ್ಷ ಆಫೀಸಿನಲ್ಲಿ ದುಡಿದೆ. ಈಗ ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಎಂ.ಆರ್ಕ್. ಓದುತ್ತಿದ್ದೇನೆ. ಟೇಪು ಮಾತ್ರ ಅದೇ.

ಅಪ್ಪ ಬಡಗಿ. ಬಾಗಿಲ ಚೌಕಟ್ಟು, ಕಿಟಕಿ, ಮಾಡಿನ ಕೆಲಸ. ರಜೆಯಲ್ಲಿ ಅವರ ಜೊತೆ ಹೋದರೆ ಟೇಪಿನ ತುದಿ ಹಿಡಿಯುವುದು ನನ್ನ ಕೆಲಸ. ಪಿಯುಸಿ ಓದುವಾಗ ನಾಟಾ ಪರೀಕ್ಷೆ ಬರೀತೀನಿ ಅಂದೆ. ನಮ್ಮ ಕಡೆ ನಾಟಾ ಅಂದರೆ ಮರದ ದಿಮ್ಮಿ. ಅಪ್ಪ ತಕ್ಷಣ ಖುಷಿಯಾದರು. ಅದು ಆರ್ಕಿಟೆಕ್ಚರ್ ಓದಲು ಬರೆಯುವ ಪರೀಕ್ಷೆ, ಅದರ ಅಂಕವನ್ನೂ ಪಿಯುಸಿ ಅಂಕವನ್ನೂ ಸೇರಿಸಿ ಸೀಟು ಕೊಡ್ತಾರೆ ಅಂತ ಬಿಡಿಸಿ ಹೇಳಿದೆ. ಸೀಟು ಸಿಕ್ಕ ದಿನ ಅವರೇ ಅಂಗಡಿಗೆ ಕರೆದುಕೊಂಡು ಹೋಗಿ ಈ ಟೇಪು ಆರಿಸಿದರು.

ಹೇಗೆ ಆರಿಸಿದರು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಟೇಪಿನ ತುದಿಯಲ್ಲಿ ಒಂದು ಕೊಕ್ಕೆ ಇರುತ್ತದೆ, ಅಲ್ವಾ? ಅದು ಸ್ವಲ್ಪ ಅಲ್ಲಾಡುತ್ತದೆ. ಸಡಿಲವಾಗಿದೆ ಅಂದುಕೊಂಡು ಟೇಪನ್ನು ವಾಪಸ್ ಕೊಡುವವರನ್ನು ನೋಡಿದ್ದೇನೆ. ಅದು ಅಲ್ಲಾಡಲೇಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ಹೊರಗೆ ಬರುತ್ತದೆ. ಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತದೆ. ಕೊಕ್ಕೆಯ ದಪ್ಪ ಎಷ್ಟಿದೆಯೋ ಅಷ್ಟೇ ಓಡಾಟ. ಹಾಗಾಗಿ ಎರಡು ಕಡೆಯೂ ಅಳತೆ ಸರಿ ಬರುತ್ತದೆ. ಆದರೆ ಟೇಪನ್ನು ಪಟ್ ಅಂತ ಒಳಗೆ ಬಿಟ್ಟರೆ ಕೊಕ್ಕೆ ಪ್ರತಿ ಸಲ ಡಬ್ಬಿಗೆ ಬಡಿಯುತ್ತದೆ. ಆಮೇಲೆ ಓಡಾಟ ಜಾಸ್ತಿಯಾಗಿ ಅಳತೆ ತಪ್ಪುತ್ತದೆ. "ಬಿಡಬೇಡ ಪುಟ್ಟಿ, ಕರ್ಕೊಂಡು ಬಾ" ಅಂತಿದ್ದರು ಅಪ್ಪ. ಈಗಲೂ ಪಟ್ಟಿಯ ಮೇಲೆ ಬೆರಳಿಟ್ಟೇ ಒಳಗೆ ಬಿಡುತ್ತೇನೆ.

ಎರಡನೆಯದು, ಪಟ್ಟಿಯ ಶುರುವಿನಲ್ಲಿ II ಅಂತ ಅಚ್ಚಾಗಿರಬೇಕು. ಅದು ಟೇಪಿನ ನಿಖರತೆಯ ದರ್ಜೆ. ಅಂದರೆ ಪೂರ್ತಿ 5 ಮೀಟರ್‌ಗೆ ಹೆಚ್ಚೆಂದರೆ 1.3 ಮಿ.ಮೀ. ವ್ಯತ್ಯಾಸ. ಇನ್ನೊಂದು, ಮಿ.ಮೀ. ಜೊತೆ ಅಡಿ-ಇಂಚೂ ಇರಬೇಕು. ಕಾಲೇಜಿನಲ್ಲಿ ಎಲ್ಲವೂ ಮಿ.ಮೀ. ಸೈಟಿನಲ್ಲಿ ಬಡಗಿ, ಮೇಸ್ತ್ರಿ ಜೊತೆ ಮಾತಾಡಲು ಅಡಿ-ಇಂಚು.

ಇದರ ಬೆಲೆ ನನಗೆ ಪೂರ್ತಿ ತಿಳಿದದ್ದು ಅಜ್ಜಿ ಮನೆ ಅಳೆದಾಗ. ಎರಡನೇ ವರ್ಷದಲ್ಲಿ ಒಂದು ಹಳೆಯ ಮನೆಯನ್ನು ಅಳೆದು ನಕ್ಷೆ ಬರೆಯಬೇಕಿತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು, ಮುಂದೆ ಜಗಲಿ. ನಡುಮನೆ ನೋಡಲು ಸರಿಯಾದ ಆಯತ. ಒಂದು ಬದಿ 3.6 ಮೀಟರ್, ಇನ್ನೊಂದು 3. ಮೂಲೆಯಿಂದ ಮೂಲೆಗೆ ಅಳೆದರೆ ಒಂದು ಕಡೆ 4.65, ಇನ್ನೊಂದು ಕಡೆ 4.73. ಮೂಲೆಗಳು ನೇರವಾಗಿದ್ದರೆ ಎರಡೂ ಒಂದೇ ಬರಬೇಕು. ಇಲ್ಲಿ ಎಂಟು ಸೆಂಟಿಮೀಟರ್ ವ್ಯತ್ಯಾಸ, ಕೋಣೆಯೇ ಓರೆ! ಹುಟ್ಟಿದಾಗಿನಿಂದ ಆಡಿದ ಕೋಣೆ ಅದು. ಅವತ್ತಿನವರೆಗೂ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಸಂರಕ್ಷಣೆಯನ್ನೇ ಓದಬೇಕು ಅನ್ನುವ ಆಸೆ ಹುಟ್ಟಿದ್ದು ಅಲ್ಲೇ, ನೆಲದ ಮೇಲೆ ಮಂಡಿಯೂರಿ ಕೂತಿದ್ದಾಗ.

ಅದಾದ ಮೇಲೆ ಇಕ್ಕೇರಿಗೆ ಹೋದಾಗ ಅಘೋರೇಶ್ವರ ದೇವಸ್ಥಾನವೂ ಬೇರೆ ಥರ ಕಂಡಿತು. 17ನೇ ಶತಮಾನದಲ್ಲಿ ಕೆಳದಿಯ ದೊರೆ ಶಿವಪ್ಪ ನಾಯಕ ಕಂದಾಯದ ಶಿಸ್ತು, ಅಂದರೆ ಜಮೀನಿಗೆ ತೆರಿಗೆ ಗೊತ್ತುಮಾಡುವ ವ್ಯವಸ್ಥೆ, ಮಾಡಿದಾಗ, ಅಡಿಕೆ ತೋಟ ಅಳೆಯುವ ಕೋಲಿಗೆ ಈ ದೇವಸ್ಥಾನದ ಕಂಬಗಳ ನಡುವಿನ ಅಂತರವನ್ನೇ ಅಳತೆಯಾಗಿ ಇಟ್ಟನಂತೆ. ಕಲ್ಲಿನ ಕಂಬ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಯಾರು ಬೇಕಾದರೂ ಬಂದು ಹೋಲಿಸಿ ನೋಡಬಹುದು. ನನ್ನೂರಿನ ಪಕ್ಕದಲ್ಲೇ ಇಂಥದ್ದೊಂದು ಇತ್ತು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೊರತೆಗಳೂ ಇವೆ. 19 ಮಿ.ಮೀ. ಪಟ್ಟಿ ಗಾಳಿಯಲ್ಲಿ ಹೆಚ್ಚು ದೂರ ನಿಲ್ಲುವುದಿಲ್ಲ, ಬಗ್ಗಿ ಬೀಳುತ್ತದೆ. ಒಬ್ಬರೇ ತೊಲೆಯ ಎತ್ತರ ಅಳೆಯಲು ಕಷ್ಟ. ಈಗ ಕೊಳ್ಳುವುದಾದರೆ ನಾನು 25 ಮಿ.ಮೀ. ಅಗಲದ್ದನ್ನೇ ಕೊಳ್ಳುತ್ತೇನೆ, ಸ್ವಲ್ಪ ಭಾರವಾದರೂ ಪರವಾಗಿಲ್ಲ. ಮೂರನೇ ಮಳೆಗಾಲಕ್ಕೆ ಪಟ್ಟಿಗೆ ತುಕ್ಕು ಹಿಡಿಯಿತು. ಒದ್ದೆಯಾದ ಪಟ್ಟಿಯನ್ನು ಒರೆಸದೆ ಒಳಗೆ ಬಿಟ್ಟದ್ದು ನನ್ನದೇ ತಪ್ಪು. ಮೊದಲ 30 ಸೆಂಟಿಮೀಟರ್‌ನ ಅಂಕಿಗಳು ಸವೆದಿವೆ. ಅಂಗಳಕ್ಕೆ 5 ಮೀಟರ್ ಸಾಲದು, 30 ಮೀಟರ್‌ನ ಉದ್ದದ ಟೇಪು ಬೇಕೇ ಬೇಕು.

ಲೇಸರ್ ಸಾಕಲ್ವಾ ಅಂತ ಕೇಳುತ್ತಾರೆ. ದೊಡ್ಡ ಹಾಲ್‌ಗೆ ಅದು ಚೆನ್ನ. ಬಿಸಿಲಿನಲ್ಲಿ ಕೆಂಪು ಚುಕ್ಕಿ ಕಾಣುವುದಿಲ್ಲ. ಬಾಗಿಲ ಚೌಕಟ್ಟಿನ ಕೆತ್ತನೆಯ ಮಡಿಕೆಗಳನ್ನು ಅದರಿಂದ ಅಳೆಯಲು ಆಗುವುದಿಲ್ಲ. ಮತ್ತೆ, ಒಂದು ಗೋಡೆಯ ಕಿಟಕಿ, ಕಂಬ, ಬಾಗಿಲು ಎಲ್ಲವನ್ನೂ ಒಂದೇ ಸೊನ್ನೆಯಿಂದ ಸಾಲಾಗಿ ಓದಲು ಟೇಪಿನಷ್ಟು ಸುಲಭ ಬೇರೆ ಇಲ್ಲ. ತುಂಡು ತುಂಡಾಗಿ ಅಳೆದು ಕೂಡಿಸಬೇಡಿ. ಚಿಕ್ಕ ಚಿಕ್ಕ ತಪ್ಪುಗಳು ಸೇರಿ ದೊಡ್ಡದಾಗುತ್ತವೆ.

ಹೋದ ವರ್ಷ ಅಜ್ಜಿ ಮನೆಯ ಒಂದು ತೊಲೆಗೆ ಗೆದ್ದಲು ಹಿಡಿಯಿತು. ಅಪ್ಪ ನನ್ನ ನಕ್ಷೆ ಬಿಚ್ಚಿ ಅಳತೆ ಬರೆದುಕೊಂಡರು. ಮರ ಕೊಯ್ಯುವ ಮುಂಚೆ ತಮ್ಮ ಟೇಪಿನಲ್ಲಿ ಇನ್ನೊಮ್ಮೆ ಅಳೆದರು. 3 ಮಿ.ಮೀ. ವ್ಯತ್ಯಾಸ ಬಂತು. ಎರಡೂ ಟೇಪುಗಳನ್ನು ಜಗಲಿಯ ಮೇಲೆ ಪಕ್ಕಪಕ್ಕ ಎಳೆದು ನೋಡಿದೆವು. ಅವರ ಟೇಪಿನ ಕೊಕ್ಕೆ ಬಾಗಿತ್ತು. ಅಪ್ಪ ಏನೂ ಮಾತಾಡಲಿಲ್ಲ. ನನ್ನ ಟೇಪು ತೆಗೆದುಕೊಂಡು ಮರಕ್ಕೆ ಗುರುತು ಹಾಕಿದರು.