ಪಿರೇಯಸ್‌ನಿಂದ ಕ್ರೀಟ್‌ಗೆ ರಾತ್ರಿ ಹಡಗು: ಹೋಗುವಾಗ ಸೀಟು, ಬರುವಾಗ ಬರ್ತ್

ರಾತ್ರಿ ಹಡಗಿನಲ್ಲಿ ಹೋದರೆ ಒಂದು ಹೋಟೆಲ್ ಖರ್ಚು ಉಳಿಯುತ್ತದೆ. ಕಡಿಮೆ ದುಡ್ಡಿನಲ್ಲಿ ಗ್ರೀಸ್ ಸುತ್ತುವವರೆಲ್ಲ ಇದನ್ನೇ ಹೇಳುತ್ತಾರೆ. ನಾನೂ ಅದೇ ಲೆಕ್ಕ ಹಾಕಿದ್ದೆ. 2024ರ ಮೇ ಮಧ್ಯದಲ್ಲಿ ಅತ್ತಿಗೆಯನ್ನು ಕರೆದುಕೊಂಡು ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಕ್ರೀಟ್ ದ್ವೀಪದ ಹೆರಾಕ್ಲಿಯೋನ್‌ಗೆ ಹೋಗಿ ಬಂದೆ. ಹೋಗುವಾಗ ಒಂದು ಥರದ ಟಿಕೆಟ್, ಬರುವಾಗ ಇನ್ನೊಂದು. ಎರಡೂ ಅನುಭವಿಸಿದ ಮೇಲೆ ಬರೆಯುತ್ತಿದ್ದೇನೆ.

ಅತ್ತಿಗೆ ಬಗ್ಗೆ ಮೊದಲು ಹೇಳಬೇಕು. ಅವರಿಗೆ 61. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಹೆರಾಕ್ಲಿಯೋನ್ ಪಕ್ಕದಲ್ಲಿರುವ ಪ್ರಾಚೀನ ಕ್ನೋಸೋಸ್ ಅರಮನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಅವರ ಬಹಳ ವರ್ಷದ ಆಸೆ. ಮಂಡಿ ನೋವಿದೆ. ಬಸ್ಸು ಸ್ವಲ್ಪ ತಿರುಗಿದರೂ ಹೊಟ್ಟೆ ತೊಳಸುತ್ತದೆ. ಅಂಥವರನ್ನು ಒಂಬತ್ತು ಗಂಟೆ ಸಮುದ್ರದ ಮೇಲೆ ಕರೆದುಕೊಂಡು ಹೋಗುವುದು ನನಗೆ ಸಣ್ಣ ವಿಷಯವಾಗಿರಲಿಲ್ಲ.

ಹಾಗಾದರೆ ವಿಮಾನ ಯಾಕೆ ಬೇಡ? ಅಥೆನ್ಸ್‌ನಿಂದ ಹೆರಾಕ್ಲಿಯೋನ್‌ಗೆ ವಿಮಾನದಲ್ಲಿ ಒಂದು ಗಂಟೆಯೂ ಇಲ್ಲ. ಮೊದಲೇ ಬುಕ್ ಮಾಡಿದರೆ ಅಗ್ಗಕ್ಕೂ ಸಿಗುತ್ತದೆ. ಆದರೆ ನಮ್ಮ ಹತ್ತಿರ ಎರಡು ದೊಡ್ಡ ಬ್ಯಾಗ್ ಇದ್ದವು. ವಿಮಾನದಲ್ಲಿ ಅದಕ್ಕೆ ಬೇರೆ ದುಡ್ಡು. ಹಡಗಿನಲ್ಲಿ ಬ್ಯಾಗನ್ನು ಯಾರೂ ತೂಗುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ರಾತ್ರಿ ಒಂಬತ್ತಕ್ಕೆ ಹೊರಟ ಹಡಗು ಬೆಳಿಗ್ಗೆ ಆರರ ಸುಮಾರಿಗೆ ಮುಟ್ಟುತ್ತದೆ. ಕ್ನೋಸೋಸ್ ಬಾಗಿಲು ತೆಗೆಯುವುದು ಎಂಟಕ್ಕೆ. ಟೂರ್ ಬಸ್ಸುಗಳು ಬರುವ ಮೊದಲೇ ಅತ್ತಿಗೆಗೆ ಆ ಜಾಗ ತೋರಿಸಬಹುದು ಅಂತ ನನ್ನ ಆಸೆ.

ಸೀಟು, ಬರ್ತ್ ಯಾವುದೂ ಇಲ್ಲದ ಡೆಕ್ ಟಿಕೆಟ್‌ಗೆ ತಲೆಗೆ 43 ಯೂರೋ ಇತ್ತು. ಅದಕ್ಕೆ ಆರು ಸೇರಿಸಿ 49 ಕೊಟ್ಟರೆ ನಂಬರ್ ಇರುವ ಸೀಟು. ಇದನ್ನು ಅಲ್ಲಿ ವಿಮಾನದ ಸೀಟು ಎಂದೇ ಕರೆಯುತ್ತಾರೆ. ನಾಲ್ಕು ಬರ್ತ್ ಇರುವ ಹೆಂಗಸರ ಕ್ಯಾಬಿನ್‌ನಲ್ಲಿ ಒಂದು ಬರ್ತ್ 68 ಯೂರೋ. ನಾನು ಮಧ್ಯದ್ದನ್ನು ತೆಗೆದುಕೊಂಡೆ. ಅತ್ತಿಗೆ ಡೆಕ್ ಮೇಲೆ ಮಲಗುವುದು ಬೇಡ, ಕ್ಯಾಬಿನ್ ಜಾಸ್ತಿಯಾಯಿತು ಅಂತ ಯೋಚಿಸಿದೆ. ಅಲ್ಲೇ ನಾನು ತಪ್ಪಿದ್ದು.

ಬಂದರಿಗೆ ಹೋಗುವುದು ಈಗ ಸುಲಭ. ವಿಮಾನ ನಿಲ್ದಾಣದಿಂದ ಮೆಟ್ರೋ 3ನೇ ಲೈನ್ ನೇರವಾಗಿ ಪಿರೇಯಸ್‌ಗೇ ಹೋಗುತ್ತದೆ. 2022ರಲ್ಲಿ ಲೈನ್ ಅಲ್ಲಿವರೆಗೆ ಬಂತು. ಅದಕ್ಕೆ ಮುಂಚೆ ಮೊನಾಸ್ತಿರಾಕಿಯಲ್ಲಿ ಇಳಿದು ಬದಲಾಯಿಸಬೇಕಿತ್ತು. ಟಿಕೆಟ್ 9 ಯೂರೋ. ದುಡ್ಡು ಇನ್ನೂ ಉಳಿಸಬೇಕು ಅಂದರೆ ಎಕ್ಸ್96 ಬಸ್ ಇದೆ, ಐದೂವರೆ ಯೂರೋ, ರಾತ್ರಿ ಹಗಲು ಓಡುತ್ತದೆ. ಟ್ರಾಫಿಕ್ ಇದ್ದರೆ ಮಾತ್ರ ತಡ.

ಸ್ಟೇಷನ್ನಿನಿಂದ ಹೊರಗೆ ಬಂದ ಕೂಡಲೇ ಹಡಗುಗಳು ಕಾಣುತ್ತವೆ. ನೋಡಿದ ತಕ್ಷಣ ಹತ್ತಿರವೇ ಅನಿಸುತ್ತದೆ. ಅಲ್ಲ! ಬಂದರು ಬಹಳ ದೊಡ್ಡದು. ಗೇಟುಗಳಿಗೆ ಇ1, ಇ2 ಹೀಗೆ ನಂಬರ್. ನಮ್ಮ ಹಡಗು ಇ2 ಹತ್ತಿರ. ಬ್ಯಾಗ್ ಎಳೆದುಕೊಂಡು ನಡೆದರೆ ಇಪ್ಪತ್ತು ನಿಮಿಷದ ಮೇಲೆ. ಬಂದರಿನ ಒಳಗೆ ಪುಕ್ಕಟೆ ಬಸ್ ಓಡಾಡುತ್ತದೆ ಅಂತ ನಮಗೆ ಗೊತ್ತಾಗಿದ್ದು ಅರ್ಧ ದಾರಿ ನಡೆದ ಮೇಲೆ, ಅದು ನಮ್ಮ ಪಕ್ಕದಲ್ಲೇ ಹಾದುಹೋದಾಗ. ನೀವು ಗೇಟಿನ ಒಳಗೆ ಹೋದ ತಕ್ಷಣ ಅಲ್ಲಿದ್ದವರನ್ನು ಕೇಳಿಬಿಡಿ.

ಹಡಗಿಗೆ ಹತ್ತುವುದು ಹಿಂಬದಿಯಿಂದ, ಲಾರಿ ಕಾರು ಹತ್ತುವ ಅದೇ ಕಬ್ಬಿಣದ ಹಾಸಿನ ಮೇಲಿಂದ. ಪಕ್ಕದಲ್ಲೇ ದೊಡ್ಡ ಲಾರಿಗಳು ಹಿಂದೆ ಮುಂದೆ ಮಾಡುತ್ತಿರುತ್ತವೆ. ಅತ್ತಿಗೆ ನನ್ನ ಕೈ ಬಿಡಲಿಲ್ಲ. ಒಳಗೆ ಎಸ್ಕಲೇಟರ್ ಇತ್ತು, ಮಂಡಿಗೆ ತೊಂದರೆ ಆಗಲಿಲ್ಲ. ಮೇಲೆ ಹೋದರೆ ಹೋಟೆಲ್ಲಿನ ಹಾಗೆ ರಿಸೆಪ್ಷನ್. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ, ಎರಡನ್ನೂ ಕೇಳುತ್ತಾರೆ.

ಊಟದ ವಿಷಯಕ್ಕೆ ನನ್ನ ಪೂರ್ತಿ ಮೆಚ್ಚುಗೆ ಇದೆ. ನಾವಿಬ್ಬರೂ ಸಸ್ಯಾಹಾರಿಗಳು. ಸೆಲ್ಫ್ ಸರ್ವಿಸ್ ಕೌಂಟರಿನಲ್ಲಿ ಯೆಮಿಸ್ತಾ ಸಿಕ್ಕಿತು. ಟೊಮೆಟೊ, ದಪ್ಪ ಮೆಣಸಿನಕಾಯಿಯ ಒಳಗೆ ಅನ್ನ ತುಂಬಿ ಬೇಯಿಸಿದ್ದು. ಯಿಗಾಂತೆಸ್ ಅಂತ ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಕಾಳು ಕೂಡ ಇತ್ತು. ಯೆಮಿಸ್ತಾಗೆ ಕೆಲವು ಕಡೆ ಮಾಂಸವನ್ನೂ ಸೇರಿಸುತ್ತಾರೆ, ಕೇಳಿಯೇ ತಟ್ಟೆಗೆ ಹಾಕಿಸಿಕೊಳ್ಳಿ. ‘ನಿಸ್ತೀಸಿಮೊ’ ಅನ್ನುವ ಮಾತು ನೆನಪಿಟ್ಟುಕೊಳ್ಳಿ. ಅವರ ಉಪವಾಸದ ದಿನದ ಅಡುಗೆ ಅದು. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಆಕ್ಟೋಪಸ್, ಸಿಗಡಿ ಅವರ ಉಪವಾಸಕ್ಕೆ ನಡೆಯುತ್ತದೆ! ಹಾಗಾಗಿ ಆ ಮಾತೊಂದನ್ನೇ ನಂಬಬೇಡಿ. ‘ಹೊರ್ತೊಫಾಗೊಸ್’ ಅಂದರೆ ಸಸ್ಯಾಹಾರಿ, ಎರಡನ್ನೂ ಹೇಳಿ. ಖರ್ಚು ಬೇಡ ಅಂದರೆ ಬಂದರಿನ ಎದುರಿನ ಬೇಕರಿಯಲ್ಲಿ ಪಾಲಕ್ ಸೊಪ್ಪಿನ ಸ್ಪಾನಕೋಪಿತಾ ಕಟ್ಟಿಸಿಕೊಳ್ಳಿ. ಹೊರಗಿನ ಊಟವನ್ನು ಯಾರೂ ತಡೆಯುವುದಿಲ್ಲ.

ಒಂಬತ್ತಕ್ಕೆ ಸರಿಯಾಗಿ ಹಡಗು ಬಿಟ್ಟಿತು. ಅಷ್ಟೊತ್ತಿಗೆ ಕತ್ತಲಾಗಿತ್ತು. ಹಿಂದಿನ ಡೆಕ್ಕಿನಲ್ಲಿ ನಿಂತು ಪಿರೇಯಸ್ ದೀಪಗಳು ದೂರ ಆಗುವುದನ್ನು ಇಬ್ಬರೂ ನೋಡಿದೆವು. ಅತ್ತಿಗೆ ಒಂದು ಗಂಟೆ ಮೊದಲೇ ವಾಂತಿ ಮಾತ್ರೆ ತೆಗೆದುಕೊಂಡಿದ್ದರು. ಗಾಳಿ ಮುಖಕ್ಕೆ ಬಡಿಯುವಾಗ ‘ನೋಡು, ಹೊಟ್ಟೆ ಏನೂ ಆಗ್ತಿಲ್ಲ’ ಅಂತ ಖುಷಿಯಿಂದ ಹೇಳಿದರು. ಮೇ ತಿಂಗಳಲ್ಲಿ ಈ ಕಡಲು ಅಷ್ಟೊಂದು ಏಳುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ಟೆಮಿ ಗಾಳಿ ಬೀಸುತ್ತದೆ, ಆಗ ಅಲುಗಾಟ ಜಾಸ್ತಿ. ಗಾಳಿ ತೀರಾ ಜೋರಾದರೆ ಬಂದರಿನ ಅಧಿಕಾರಿಗಳು ಹಡಗು ಬಿಡಲು ಒಪ್ಪುವುದೇ ಇಲ್ಲ. ಮರುದಿನವೇ ವಿಮಾನ ಹಿಡಿಯುವವರು ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಆ ಸೀಟಿನ ಹಾಲ್. ಸಾಲು ಸಾಲಾಗಿ ಸೀಟು. ಹಿಂದಕ್ಕೆ ಒರಗುವುದು ಸ್ವಲ್ಪವೇ. ನಡುವಿನ ಕೈಹಿಡಿ ಮೇಲಕ್ಕೆ ಏಳುವುದಿಲ್ಲ, ಪಕ್ಕದ ಸೀಟು ಖಾಲಿ ಇದ್ದರೂ ಕಾಲು ಚಾಚಿ ಮಲಗುವ ಹಾಗಿಲ್ಲ. ಟಿವಿ ರಾತ್ರಿ ಹನ್ನೆರಡರ ತನಕ ನಡೆಯಿತು. ದೀಪ ಪೂರ್ತಿ ಆರಿಸಲಿಲ್ಲ. ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಏಸಿ. ಮೂಳೆ ಕೊರೆಯುವ ಚಳಿ. ಹೊದಿಕೆ ಕೊಡುವುದಿಲ್ಲ. ನಾನು ತಂದಿದ್ದ ಒಂದೇ ಒಂದು ಶಾಲನ್ನು ಅತ್ತಿಗೆಗೆ ಹೊದಿಸಿದೆ. ಅವರು ಅದನ್ನು ನನ್ನ ಮೇಲೂ ಎಳೆದರು. ರಿಸೆಪ್ಷನ್‌ಗೆ ಹೋಗಿ ಏಸಿ ಕಡಿಮೆ ಮಾಡಿ ಅಂತ ಕೇಳಿದೆ, ಆಗಲಿ ಅಂದರು, ಆಗಲಿಲ್ಲ. ಕ್ಯಾಬಿನ್ ಇದೆಯಾ ಅಂದೆ. ತುಂಬಿದೆ ಅಂದರು. ರಾತ್ರಿ ಒಂದಕ್ಕೆ ಅತ್ತಿಗೆಯ ಮಂಡಿ ಹಿಡಿದುಕೊಂಡಿತು. ನನಗೆ ಅಳು ಬರುವ ಹಾಗಾಯಿತು.

ಇಬ್ಬರೂ ಎದ್ದು ಲೌಂಜ್ ಕಡೆ ನಡೆದೆವು. ಅಲ್ಲಿ ನೋಡಿದರೆ ಬೇರೆಯದೇ ಲೋಕ. ನಮಗಿಂತ ಕಡಿಮೆ ದುಡ್ಡು ಕೊಟ್ಟ ಡೆಕ್ ಟಿಕೆಟ್‌ನವರು ಗೋಡೆ ಬದಿಯ ಉದ್ದ ಸೋಫಾಗಳ ಮೇಲೆ, ಸೋಫಾಗಳ ನಡುವೆ ಚಾಪೆ ಹಾಸಿಕೊಂಡು ಹಾಯಾಗಿ ಮಲಗಿದ್ದರು. ಸ್ಲೀಪಿಂಗ್ ಬ್ಯಾಗ್, ದಿಂಬು, ಎಲ್ಲ ತಂದಿದ್ದರು. ದಿನಾ ಓಡಾಡುವ ಕ್ರೀಟ್ ಜನಕ್ಕೆ ಇದು ಗೊತ್ತು. ಡೆಕ್ ಟಿಕೆಟ್ ಅಂದರೆ ಬಯಲಿನಲ್ಲೇ ರಾತ್ರಿ ಕಳೆಯಬೇಕು ಅಂತ ನಾನು ತಿಳಿದುಕೊಂಡಿದ್ದೆ. ಹಾಗಲ್ಲ. ಒಳಗಿನ ಲೌಂಜುಗಳೂ ಅವರವೇ. ಮೊದಲು ಹತ್ತಿದವರಿಗೆ ಸೋಫಾ ಸಿಗುತ್ತದೆ, ಅಷ್ಟೇ. ಹೊರಡುವ ಎರಡು ಗಂಟೆ ಮೊದಲೇ ಜನ ಹತ್ತುತ್ತಾರೆ.

ಕಪ್ಪು ಬಟ್ಟೆ ಉಟ್ಟ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಒಂದು ಮೂಲೆ ಹಿಡಿದಿದ್ದರು. ಅತ್ತಿಗೆ ಕುಂಟುವುದನ್ನು ನೋಡಿ ಎದ್ದು ಕುಳಿತರು. ಮಗುವನ್ನು ಮಡಿಲಿಗೆ ಎಳೆದುಕೊಂಡು, ಸೋಫಾವನ್ನು ಕೈಯಿಂದ ತಟ್ಟಿ ‘ಎಲಾ, ಎಲಾ’ ಅಂದರು. ಗ್ರೀಕಿನಲ್ಲಿ ‘ಬಾ’ ಅಂತ ಅರ್ಥ. ಅತ್ತಿಗೆ ಅಲ್ಲಿ ಎರಡರಿಂದ ಐದರವರೆಗೆ ನಿದ್ದೆ ಮಾಡಿದರು. ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದೆ. ಇಳಿಯುವಾಗ ಅತ್ತಿಗೆ ಆ ಅಜ್ಜಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಭಾಷೆ ಬೇಕಾಗಲಿಲ್ಲ.

ಬೆಳಿಗ್ಗೆ ಆರೂಕಾಲಿಗೆ ಹೆರಾಕ್ಲಿಯೋನ್‌ನಲ್ಲಿ ಇಳಿದೆವು. ವೆನಿಸ್‌ನವರು ಕಟ್ಟಿದ ಕೂಲೆಸ್ ಕೋಟೆಯ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ಹಡಗಿನಿಂದ ಇಳಿದು ರಸ್ತೆ ದಾಟಿದರೆ ಬಸ್ ಸ್ಟ್ಯಾಂಡ್, ಅಲ್ಲೇ ಬ್ಯಾಗ್ ಇಟ್ಟೆವು. ಸಿಂಹಗಳ ಕಾರಂಜಿಯ ಹತ್ತಿರ ಹೋಗಿ ಬಿಸಿ ಬಿಸಿ ಬುಗಾತ್ಸಾ ತಿಂದೆವು. ತೆಳು ಪದರಗಳ ಒಳಗೆ ರವೆಯ ಸಿಹಿ ಕ್ರೀಮ್, ಮೇಲೆ ದಾಲ್ಚಿನ್ನಿ ಪುಡಿ. ಆಮೇಲೆ 2ನೇ ನಂಬರ್ ಸಿಟಿ ಬಸ್. ಐದು ಕಿಲೋಮೀಟರ್. ಎಂಟಕ್ಕೆ ಗೇಟಿನಲ್ಲಿ ನಮ್ಮ ಮುಂದೆ ಹತ್ತು ಜನವೂ ಇರಲಿಲ್ಲ. ಹಡಗು ಅಷ್ಟರ ಮಟ್ಟಿಗೆ ಮಾತು ಉಳಿಸಿಕೊಂಡಿತು.

ಅತ್ತಿಗೆ ಆ ಆಳೆತ್ತರದ ಮಣ್ಣಿನ ಹರವಿಗಳ ಮುಂದೆ ನಿಂತು ಬಿಟ್ಟರು. ಕೆಂಪು ಕಂಬಗಳನ್ನು ತೋರಿಸಿ, ಇಂಗ್ಲಿಷ್ ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಲ್ಲಿ ಇಲ್ಲಿ ಅಗೆಯಲು ಶುರು ಮಾಡಿದ್ದು, ಇದರಲ್ಲಿ ಎಷ್ಟು ಹಳೆಯದು, ಎಷ್ಟು ಅವನು ಕಾಂಕ್ರೀಟಿನಲ್ಲಿ ಕಟ್ಟಿಸಿದ್ದು ಅಂತ ನನಗೆ ಪಾಠವನ್ನೇ ಹೇಳಿದರು. ಗೋಡೆಯ ಚಿತ್ರಗಳು ನಕಲು, ಮೂಲ ಚಿತ್ರಗಳು ಹೆರಾಕ್ಲಿಯೋನ್ ಮ್ಯೂಸಿಯಂನಲ್ಲಿವೆ ಅಂದರು. ಸಿಂಹಾಸನದ ಕೋಣೆ ನೋಡಿದೆವು. ಅಷ್ಟಕ್ಕೆ ಅವರ ಮೈ ಸೋತಿತು. ರಾಣಿಯ ಕೋಣೆ ಕಡೆ ಇಳಿಯಬೇಕಿತ್ತು, ಡಾಲ್ಫಿನ್ ಚಿತ್ರ ಇರುವುದು ಅಲ್ಲೇ. ‘ನೀನು ನೋಡ್ಕೊಂಡು ಬಾ, ನನ್ ಕೈಲಿ ಆಗಲ್ಲ’ ಅಂತ ಪೈನ್ ಮರದ ಕೆಳಗೆ ಕೂತುಬಿಟ್ಟರು. ನಾನು ಹೋಗಲಿಲ್ಲ.

ನಾಲ್ಕು ದಿನದ ನಂತರ ವಾಪಸ್ ಬರುವಾಗ ಬರ್ತ್. ನಾಲ್ಕು ಹಾಸಿಗೆಯ, ಕಿಟಕಿ ಇಲ್ಲದ ಸಣ್ಣ ಕೋಣೆ. ತೊಳೆದ ಬಿಳಿ ಹಾಸು, ದಿಂಬು, ಹೊದಿಕೆ, ಟವೆಲ್. ಕೋಣೆಗೇ ಸೇರಿದ ಶವರ್, ಶೌಚಾಲಯ, ಎಲ್ಲ ಸ್ವಚ್ಛ. ಬಾಗಿಲಿಗೆ ಚಿಲಕ. ಜೊತೆಗೆ ಅಥೆನ್ಸ್‌ನಲ್ಲಿ ಓದುವ ಇಬ್ಬರು ಹುಡುಗಿಯರು. ಅವರೇ ಕೇಳಿಕೊಂಡು ಕೆಳಗಿನ ಬರ್ತ್ ಅತ್ತಿಗೆಗೆ ಬಿಟ್ಟುಕೊಟ್ಟರು. ಕ್ಯಾಬಿನ್ ಹಡಗಿನ ನಡುಭಾಗದಲ್ಲಿತ್ತು. ಹೊಟ್ಟೆ ತೊಳಸುವವರು ಅಲ್ಲೇ ಕೇಳಿ ತೆಗೆದುಕೊಳ್ಳಿ, ಮುಂಭಾಗಕ್ಕಿಂತ ಅಲುಗಾಟ ಕಡಿಮೆ. ನನಗೆ ಎಂಜಿನ್ನಿನ ಗುಂಯ್ ಶಬ್ದ ಮಾತ್ರ ನೆನಪಿದೆ. ಬೆಳಿಗ್ಗೆ ಐದಕ್ಕೆ ಕೆಲಸದವರು ಬಾಗಿಲು ತಟ್ಟಿ ಎಬ್ಬಿಸಿದರು.

ಅತ್ತಿಗೆ ಮುಖ ತೊಳೆದು, ತಲೆ ಬಾಚಿಕೊಂಡು ಬಂದರು. ಇದಕ್ಕೆ ಎಷ್ಟು ಜಾಸ್ತಿ ಕೊಟ್ಟೆ ಅಂತ ಕೇಳಿದರು. ಹತ್ತೊಂಬತ್ತು ಯೂರೋ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗುವಾಗಲೇ ಕೊಟ್ಟಿದ್ರೆ ಆ ಡಾಲ್ಫಿನ್ ನೋಡ್ತಿದ್ದೆ ಅಲ್ವಾ’ ಅಂದರು.

ಹಾಗಾಗಿ ಸೀಟಿಗೆ ನಾನು ಐದಕ್ಕೆ ಒಂದು ಮಾತ್ರ ಕೊಡುತ್ತೇನೆ, ಬರ್ತಿಗೆ ಪೂರ್ತಿ ಐದು. ಗಟ್ಟಿ ಮೈಯವರು, ಇಪ್ಪತ್ತು ಮೂವತ್ತರ ಹುಡುಗರು ಡೆಕ್ ಟಿಕೆಟ್ ತೆಗೆದುಕೊಂಡು, ಬೆಚ್ಚನೆ ಹೊದಿಕೆ, ಒಂದು ಚಾಪೆ ಇಟ್ಟುಕೊಂಡು ಏಳು ಗಂಟೆಗೇ ಹತ್ತಿಬಿಡಿ. ವಯಸ್ಸಾದವರು ಜೊತೆಗಿದ್ದರೆ ಬರ್ತ್ ಬುಕ್ ಮಾಡಿ, ಕೆಳಗಿನದೇ ಬೇಕು ಅಂತ ಮೊದಲೇ ಹೇಳಿ. ಹಡಗಿನಲ್ಲಿ ನೋಡಿಕೊಳ್ಳೋಣ ಅಂತ ಬಿಡಬೇಡಿ, ಅಷ್ಟೊತ್ತಿಗೆ ಖಾಲಿ ಇರುವುದಿಲ್ಲ.

ಪಿರೇಯಸ್‌ನಲ್ಲಿ ಇಳಿದಾಗ ಪುಕ್ಕಟೆ ಬಸ್ಸನ್ನು ಈ ಸಲ ಅತ್ತಿಗೆಯೇ ಮೊದಲು ಕಂಡು ಕೈ ಮಾಡಿದರು.