ಡಬ್ಬದ ಅಳತೆ ನೋಡಿ ಮೌಸ್ ಕೊಂಡೆ, ಕೈ ಕೆಟ್ಟಿತು

ನಮ್ಮ ಬೀದಿಯ ಹೂವಿನಮ್ಮ ನನ್ನ ಕೈಯಲ್ಲಿ ಮೊಳ ಹಾಕಲು ಬಿಡುವುದಿಲ್ಲ. ‘ನಿಮ್ಮ ಒಂದು ಮೊಳಕ್ಕೆ ನಂದು ಒಂದೂಕಾಲು ಹೋಗುತ್ತೆ’ ಅಂತ ನಗುತ್ತಾರೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ನನ್ನ ಕೈ 21 ಸೆಂ.ಮೀ. ಇಂಥ ಕೈ ಇಟ್ಟುಕೊಂಡು ಮಾಡುವ ಕೆಲಸ ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸಿ ಪುಟ ಮಾಡುವುದು. ಚಿಕ್ಕಪೇಟೆ ಹತ್ತಿರ ಒಂದು ಮದುವೆ ಕಾರ್ಡ್ ಅಂಗಡಿಯಲ್ಲಿ. ಸೀಸನ್ ಬಂದರೆ ದಿನಕ್ಕೆ ಹತ್ತು ಗಂಟೆ ಕೈ ಮೌಸ್ ಮೇಲೇ ಇರುತ್ತದೆ.

ಹಳೆಯ ಮೌಸ್ ಕಂಪ್ಯೂಟರ್ ಜೊತೆ ಬಂದದ್ದು. ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತಿತ್ತು. ಅದಕ್ಕೇ ಆನ್‌ಲೈನ್‌ನಲ್ಲಿ ‘ಎರ್ಗೋನಾಮಿಕ್’ (ಮೈಕೈಗೆ ಆಯಾಸ ಆಗದಂತೆ ಮಾಡಿದ್ದು) ಅಂತ ಬರೆದಿದ್ದ ವರ್ಟಿಕಲ್ ಮೌಸ್ ತರಿಸಿದೆ. ಕೈಕುಲುಕುವಾಗ ಹಿಡಿಯುತ್ತೇವಲ್ಲ, ಹಾಗೆ ಅಂಗೈ ಪಕ್ಕಕ್ಕೆ ಮಾಡಿ ಹಿಡಿಯುವಂಥದ್ದು. ಮುಂಗೈ ತಿರುಚುವುದಿಲ್ಲ ಅನ್ನುವುದು ಅದರ ಲಾಭ. ‘ಎಲ್ಲ ಕೈಗೂ ಒಪ್ಪುತ್ತದೆ’ ಅಂತಲೂ ಬರೆದಿದ್ದರು. ಅದನ್ನು ನಾನು ನಂಬಲಿಲ್ಲ, ಅಷ್ಟು ಪೆದ್ದ ಅಲ್ಲ. ಕೆಳಗೆ ಅಳತೆ ನೋಡಿದೆ. ಉದ್ದ 14 ಸೆಂ.ಮೀ. ಅಂತಿತ್ತು. ಸಾಕಲ್ಲ ಅಂದುಕೊಂಡೆ.

ಬಂದ ಮೇಲೆ ಸ್ಕೇಲ್ ಇಟ್ಟು ನೋಡಿದರೆ ಹತ್ತೂವರೆ. ಆ 14 ಡಬ್ಬದ ಉದ್ದ! ಎಷ್ಟೋ ಸಾಮಾನುಗಳಿಗೆ ಹೀಗೇ ಪ್ಯಾಕಿಂಗ್ ಅಳತೆಯನ್ನೇ ಹಾಕಿರುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಹೆಬ್ಬೆರಳು ಅದಕ್ಕಾಗಿ ಕೊರೆದಿದ್ದ ಜಾಗ ದಾಟಿ ಮುಂದೆ ಹೋಗುತ್ತಿತ್ತು. ಬಟನ್ ಒತ್ತಲು ಬೆರಳು ಮಡಚಬೇಕು. ಕಿರುಬೆರಳಿಗೆ ಜಾಗವೇ ಇಲ್ಲ, ಇಡೀ ದಿನ ಟೇಬಲ್ ಉಜ್ಜುತ್ತಿತ್ತು. ಇನ್ನೊಂದು ಸಮಸ್ಯೆ ಯಾರೂ ಹೇಳಿರಲಿಲ್ಲ. ಮಾಮೂಲಿ ಮೌಸ್‌ನಲ್ಲಿ ಕ್ಲಿಕ್ ಮಾಡಿದರೆ ಒತ್ತು ಟೇಬಲ್ ಕಡೆಗೆ ಹೋಗುತ್ತದೆ. ಇದರಲ್ಲಿ ಪಕ್ಕಕ್ಕೆ ಹೋಗುತ್ತದೆ. ಮೌಸ್ ಹಗುರ ಇದ್ದರೆ ಅದೇ ಜರುಗಿಬಿಡುತ್ತದೆ. ಜರುಗದ ಹಾಗೆ ಹೆಬ್ಬೆರಳಲ್ಲಿ ಈ ಕಡೆಯಿಂದ ಅದುಮಿ ಹಿಡಿಯಬೇಕು. ‘ಚಿ|| ಸೌ||’ ಅನ್ನುವುದನ್ನು ಹೆಸರಿನ ಪಕ್ಕ ಒಂದು ಕೂದಲೆಳೆ ಸರಿಸಲು ಎಷ್ಟು ಸಲ ಕ್ಲಿಕ್ ಮಾಡ್ತೀವಿ, ಡಿಟಿಪಿಯವರನ್ನು ಕೇಳಿ ನೋಡಿ.

ನಾನು ಸಿಕ್ಕಿಬಿದ್ದದ್ದು ಇಲ್ಲಿ: ಜೊತೆಗೆ ಬಂದ ಚೀಟಿಯಲ್ಲಿ ‘ಅಭ್ಯಾಸವಾಗಲು ಎರಡು ವಾರ ಬೇಕು’ ಅಂತಿತ್ತು. ವಾಪಸಿನ ಗಡುವು ಏಳೇ ದಿನ. ಆರನೇ ದಿನ ಫೋನ್ ಮಾಡಿದೆ. ದುಡ್ಡು ವಾಪಸ್ ಇಲ್ಲ, ಕೆಟ್ಟಿದ್ದರೆ ಮಾತ್ರ ಬದಲಿ ಕೊಡ್ತೀವಿ ಅಂದರು. ಕೈಗೆ ಚಿಕ್ಕದಾದರೆ ಅದು ಕೆಟ್ಟ ಹಾಗಲ್ಲವಂತೆ. ನಮ್ಮ ಅಂಗಡಿಯ ಹುಡುಗ ‘ಕ್ಲಿಕ್ ಆಗ್ತಿಲ್ಲ ಅಂತ ಹೇಳಿಬಿಡಿ ಸಾರ್’ ಅಂದ. ಹೇಳಿದೆ, ಸುಳ್ಳು. ಎರಡು ದಿನಕ್ಕೆ ಬದಲಿ ಬಂತು. ಅದೇ ಅಳತೆಯ ಅದೇ ಮೌಸ್! ಸುಳ್ಳು ಹೇಳಿದ್ದೂ ದಂಡ. ಈಗ ಅದು ಏಳನೇ ಕ್ಲಾಸಿನ ಮಗಳ ಹತ್ತಿರ ಇದೆ. ಅವಳ ಕೈಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ.

ಅವಳಿಗೆ ಕೊಡುವ ಮೊದಲು ಮಾತ್ರ ಹಟ ಬಿಡದೆ ಮೂರು ವಾರ ಅದರಲ್ಲೇ ದುಡಿದೆ. ರಾತ್ರಿ ಎಚ್ಚರ ಆಗತೊಡಗಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ಕೈ ಕೊಡವಿದರೆ ಸ್ವಲ್ಪ ಹೋಗುತ್ತಿತ್ತು. ಮಣಿಕಟ್ಟಿನಲ್ಲಿ ಮೀಡಿಯನ್ ಅನ್ನುವ ನರ ಒತ್ತಿಕೊಂಡಿದೆ ಅಂದರು ಡಾಕ್ಟರು. ರಾತ್ರಿ ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಬೇಕಾಯಿತು. ನಿಜ ಹೇಳಬೇಕೆಂದರೆ ಅವರು ಮೌಸ್ ಒಂದನ್ನೇ ದೂರಲಿಲ್ಲ. ಟೇಬಲ್ ಎತ್ತರ ಜಾಸ್ತಿ, ಮಧ್ಯೆ ಏಳುವುದೇ ಇಲ್ಲ ಅಂತ ನನ್ನನ್ನೂ ಬೈದರು. ಜೋಮು ಹಿಡಿದು ನಿದ್ದೆಯಲ್ಲಿ ಎಚ್ಚರ ಆಗುತ್ತಿದ್ದರೆ ಅಭ್ಯಾಸ ಆಗುತ್ತೆ ಅಂತ ಕಾಯಬೇಡಿ, ತೋರಿಸಿ.

ಎಸ್.ಪಿ. ರೋಡ್ ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ. ಕಂಪ್ಯೂಟರ್ ಸಾಮಾನಿನ ಬೀದಿಯನ್ನೇ ಪಕ್ಕದಲ್ಲಿಟ್ಟುಕೊಂಡು ಆನ್‌ಲೈನ್‌ನಲ್ಲಿ ತರಿಸಿದ್ದೆ! ಈ ಸಲ ಜೇಬಲ್ಲಿ ಸ್ಕೇಲ್ ಇಟ್ಟುಕೊಂಡು ಹೋದೆ. ಕೈ ಉದ್ದದಲ್ಲಿ ನೂರಕ್ಕೆ ಅರವತ್ತರಷ್ಟು ಮೌಸ್ ಇರಬೇಕು ಅಂತ ಒಂದು ಅಂದಾಜು ಲೆಕ್ಕ ಇದೆ. ನನಗೆ ಹನ್ನೆರಡೂವರೆ ಸೆಂ.ಮೀ. ಬಂತು. ಅಂಗೈ ಪೂರ್ತಿ ಊರಿ ಹಿಡಿಯುವವರು ಮೌಸ್ ಬೆನ್ನಿನ ಉಬ್ಬನ್ನೂ ನೋಡಬೇಕು. ಉದ್ದ ಇದ್ದು ಚಪ್ಪಟೆ ಇದ್ದರೆ ಅಂಗೈ ತೇಲುತ್ತದೆ. ಲಾಜಿಟೆಕ್ ಕಂಪನಿಯ ಎಂ650 ಮೌಸ್ ಎರಡು ಅಳತೆಯಲ್ಲಿ ಬರುತ್ತದೆ. ದೊಡ್ಡದು ಬೇಕಾದರೆ ಹೆಸರಿನ ಕೊನೆಗೆ ‘ಎಲ್’ ಇದೆಯಾ ನೋಡಿ. ಅವರದೇ ಲಿಫ್ಟ್ ಅನ್ನುವ ವರ್ಟಿಕಲ್ ಮೌಸ್ ಸಣ್ಣ, ಮಧ್ಯಮ ಕೈಯವರಿಗೆ ಅಂತ ಅವರೇ ಹೇಳಿದ್ದಾರೆ. ನಾನು ಕೊಂಡದ್ದು ಅದಲ್ಲ, ಆದರೆ ನನ್ನ ಮೌಸ್‌ನವರು ಅಷ್ಟು ಹೇಳಿದ್ದರೂ ನಾನು ಉಳಿಯುತ್ತಿದ್ದೆ. ಲಾಜಿಟೆಕ್‌ನದೇ ಎಂಎಕ್ಸ್ ಮಾಸ್ಟರ್ ಕೈಗೆ ಚೆನ್ನಾಗಿ ಕೂತಿತು. ಬೆಲೆ ಕೇಳಿ ಕೆಳಗಿಟ್ಟೆ.

ಕೊನೆಗೆ ಸಿಕ್ಕಿದ್ದು ಗೇಮ್ ಆಡುವವರ ಸಾಲಿನಲ್ಲಿ. ದೊಡ್ಡ ಕೈಯವರು ಮೊದಲು ಅಲ್ಲೇ ಹುಡುಕಿ. ರೇಜರ್ ಕಂಪನಿಯ ಡೆತ್‌ಆ್ಯಡರ್ ಎಸೆನ್ಷಿಯಲ್, ಉದ್ದ 12.7 ಸೆಂ.ಮೀ., ವೈರ್ ಇರುವುದು, ತೂಕ ನೂರು ಗ್ರಾಂ ಒಳಗೆ. ಅಂಗಡಿಯವರು ಡಬ್ಬ ಬಿಚ್ಚಿ ಕೊಟ್ಟರು. ಅಲ್ಲೇ ಸ್ಟೂಲ್ ಮೇಲೆ ಕೂತು ಐದು ನಿಮಿಷ ಹಿಡಿದು ನೋಡಿದೆ. ಕಿರುಬೆರಳು ಟೇಬಲ್ ಮುಟ್ಟಲಿಲ್ಲ.

ಅದರಲ್ಲಿ ಹಸಿರು ಲೈಟ್ ಉರಿಯುತ್ತದೆ. ಕಾರ್ಡ್ ಮಾಡಿಸಲು ಬಂದ ಹೆಣ್ಣಿನ ಕಡೆಯವರು ಅದನ್ನು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ. ಆಫ್ ಮಾಡುವುದು ಹೇಗೆ ಅಂತ ಮಗಳಿಗೆ ಗೊತ್ತಂತೆ, ಭಾನುವಾರ ಬರುತ್ತೀನಿ ಅಂದಿದ್ದಾಳೆ.