ಮೂರು ಚಳಿಗಾಲ ಬಳಸಿದ ಬ್ಯಾಟರಿ ಮೇಂಟೇನರ್: ಕರೆಂಟ್ ಹೋಗ್ದಿದ್ರೆ ಚಿನ್ನ

ಬ್ಯಾಟರಿ ಮೇಂಟೇನರ್ ಅಂದ್ರೆ ನಿಲ್ಸಿಟ್ಟ ಗಾಡಿಯ ಬ್ಯಾಟರಿ ಇಳೀದ ಹಾಗೆ ನೋಡ್ಕೊಳ್ಳೋ ಚಾರ್ಜರ್. ಇದರ ಸ್ಪೆಕ್ಸ್ ಎಲ್ಲಾ ಡಬ್ಬದ ಮೇಲೇ ಇದೆ, ಅದನ್ನ ನಾನ್ ಮತ್ತೆ ಟೈಪ್ ಮಾಡಲ್ಲ. ನಮ್ದು 2011ರ ಸೆಕೆಂಡ್‌ಹ್ಯಾಂಡ್ ಮೋಟಾರ್‌ಹೋಮು, ಅಂದ್ರೆ ಚಕ್ರದ ಮೇಲಿನ ಮನೆ, ಫೋರ್ಡ್ ಇ-450 ಗಾಡಿ ಮೇಲೆ ಕಟ್ಟಿರೋದು. ಇರೋದು ಮಿಶಿಗನ್‌ನಲ್ಲಿ, ಹಾಗಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅದಕ್ಕೆ ಕುಂಭಕರ್ಣನ ನಿದ್ದೆ. ಕಾಲೊನಿ ರೂಲ್ಸ್ ಪ್ರಕಾರ ಮನೆ ಮುಂದೆ ನಿಲ್ಸೋ ಹಾಗಿಲ್ಲ, ಅದಕ್ಕೆ 40 ನಿಮಿಷ ದೂರದಲ್ಲಿ ಒಬ್ಬ ರೈತಜ್ಜನ ಬಾರ್ನ್‌ನಲ್ಲಿ ಬಾಡಿಗೆಗೆ ನಿಲ್ಸ್ತೀವಿ, ಒಂದು ಪ್ಲಗ್ ಪಾಯಿಂಟೂ ಕೊಟ್ಟಿದಾರೆ.

ಮೊದಲ ವರ್ಷ ಗಾಡಿಯದೇ ಕೇಬಲ್‌ನ ಆ ಪ್ಲಗ್‌ಗೆ ಸಿಗ್ಸಿ ಬಂದಿದ್ದೆ. ಒಳಗಿರೋ, ಪ್ಲಗ್ ಕರೆಂಟಿಂದ ಬ್ಯಾಟರಿ ತುಂಬೋ ಹಳೇ ಕನ್ವರ್ಟರ್‌ಗೆ ಬ್ಯಾಟರಿ ತುಂಬ್ತು ಸಾಕು ಅನ್ನೋದೇ ಗೊತ್ತಿಲ್ಲ, ಆರು ತಿಂಗಳೂ ಒಂದೇ ಸಮ 13.6 ವೋಲ್ಟ್ ಕೊಡ್ತಾ ಹೌಸ್ ಬ್ಯಾಟರಿಯ (ಗಾಡಿಯೊಳಗಿನ ಮನೆ ಭಾಗಕ್ಕೆ ಕರೆಂಟ್ ಕೊಡೋದು) ನೀರೆಲ್ಲ ಕುದಿಸಿ ಆರಿಸಿಬಿಟ್ಟಿತ್ತು, ಇಂಜಿನ್ ಬ್ಯಾಟರಿಗೆ ಅದರಿಂದ ಚಾರ್ಜೇ ಹೋಗಲ್ಲ ಅಂತ ಗೊತ್ತಾಗಿದ್ದು ಏಪ್ರಿಲ್‌ನಲ್ಲಿ ಕೀ ತಿರುಗ್ಸಿದಾಗ. ಟಕ್ ಅಂತ ಒಂದು ಸದ್ದು, ಅಷ್ಟೇ.

ಆಮೇಲೆ 2022ರಲ್ಲಿ ಈ ಮೇಂಟೇನರ್‌ನ 65 ಡಾಲರ್ ಕೊಟ್ಟು ತಗೊಂಡೆ. ಎರಡು ಬ್ಯಾಟರಿಗೂ ಬೇರೆಬೇರೆ ವೈರು, ಬೇರೆಬೇರೆ ಲೈಟು. ತುಂಬಿದ ಮೇಲೆ ತಾನೇ ಸುಮ್ನಾಗತ್ತೆ, ಇಳಿದ್ರೆ ಮತ್ತೆ ಸ್ವಲ್ಪ ಕೊಡತ್ತೆ. ನಿಜ ಹೇಳ್ಬೇಕು ಅಂದ್ರೆ ನನಗೆ ಇದು ಹಿಡಿಸಿದ್ದು ಶನಿವಾರದ ನೆಪಕ್ಕೆ. ಹದಿನೈದು ದಿನಕ್ಕೊಮ್ಮೆ ಫ್ಲಾಸ್ಕ್‌ನಲ್ಲಿ ಫಿಲ್ಟರ್ ಕಾಫಿ ಹಾಕ್ಕೊಂಡು ಹೋಗೋದು, ಗ್ರೀನ್ ಲೈಟ್ ನೋಡೋದು, ವೈರ್ ತೆಗೆದು, ಡ್ರೈವರ್ ಸೀಟಲ್ಲಿ ಕೂತು ಕಾಫಿ ಮುಗ್ಸೋದು, ಅರ್ಧ ಗಂಟೆ ಆದ್ಮೇಲೆ ಮಲ್ಟಿಮೀಟರ್ ಹಿಡಿಯೋದು. ತೆಗೆದ ತಕ್ಷಣ ಹಿಡಿದ್ರೆ ಸುಳ್ಳು ರೀಡಿಂಗ್ ಬರತ್ತೆ. 12.6 ಮೇಲಿದ್ರೆ ಫುಲ್, 12.2 ಅಂದ್ರೆ ಅರ್ಧ ಖಾಲಿ. ಅದನ್ನ ಊರಿಂದ ಅಮ್ಮ ಕಳ್ಸಿದ ಒಂಟಿಕೊಪ್ಪಲ್ ಕ್ಯಾಲೆಂಡರ್‌ನ ಆ ದಿನದ ಮನೇಲಿ ಬರೀತೀನಿ. ಏಕಾದಶಿ, 12.7. ನಮ್ಮನೆಯವಳು ನಗ್ತಾಳೆ, ನಗ್ಲಿ.

ಈಗ ಬೈಗುಳ. 2023ರ ಫೆಬ್ರವರಿಯಲ್ಲಿ ಅಣ್ಣನ ಮಗಳ ಮದುವೆ ಅಂತ ಹಾಸನಕ್ಕೆ ಹೋಗಿದ್ದೆವು, ಇಲ್ಲಿ 22ನೇ ತಾರೀಖು ಐಸ್ ಸ್ಟಾರ್ಮ್ ಬಂತು, ಮರದ ಕೊಂಬೆಗಳೆಲ್ಲ ವೈರ್ ಮೇಲೆ ಬಿದ್ದು ಬಾರ್ನ್‌ನಲ್ಲಿ ನಾಲ್ಕು ದಿನ ಕರೆಂಟ್ ಇಲ್ಲ. ಕರೆಂಟ್ ವಾಪಸ್ ಬಂತು, ಈ ಮಹಾನುಭಾವ ಏಳ್ಲಿಲ್ಲ! ಕರೆಂಟ್ ಹೋಗಿ ಬಂದ್ರೆ ಇದು ಸ್ಟ್ಯಾಂಡ್‌ಬೈನಲ್ಲಿ ಕೂರತ್ತೆ, ಯಾರಾದ್ರೂ ಹೋಗಿ ಬಟನ್ ಒತ್ತಿ ಬ್ಯಾಟರಿ ಟೈಪ್ ಆರಿಸ್ಬೇಕು. ತಿಂಗಳುಗಟ್ಲೆ ಒಂಟಿಯಾಗಿ ಬಿಡೋಕೆ ಅಂತಲೇ ಮಾರೋ ವಸ್ತು ಸ್ವಾಮಿ ಇದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ 'ಸೇಫ್ಟಿ ಫೀಚರ್' ಅಂದ್ರು.

ಮಾರ್ಚ್ ಕೊನೇಲಿ ಹೋಗಿ ನೋಡಿದ್ರೆ ಇಂಜಿನ್ ಬ್ಯಾಟರಿ 12.3, ಬಚಾವ್. ಹೌಸ್ ಬ್ಯಾಟರಿ 4 ವೋಲ್ಟ್, ಪಕ್ಕ ಉಬ್ಬಿತ್ತು. ಫುಲ್ ಇರೋ ಬ್ಯಾಟರಿ ಇಲ್ಲಿಯ ಎಂಥಾ ಚಳಿಗೂ ಹೆಪ್ಪುಗಟ್ಟಲ್ಲ, ಖಾಲಿಯಾದ್ರೆ ಮೈನಸ್ 7-8 ಡಿಗ್ರಿಗೇ ಒಳಗಿನ ಆಸಿಡ್ ನೀರು ಐಸ್. ಹಾಗೆ ಉಬ್ಬಿದ್ದನ್ನ ಚಾರ್ಜ್‌ಗೆ ಹಾಕೋ ಸಾಹಸ ಬೇಡ, ಸಿಡಿಯತ್ತೆ. 140 ಡಾಲರ್ ನೀರಲ್ಲಿ ಹೋಮ.

ಅಷ್ಟೊಂದು ಚಾರ್ಜ್ ಕುಡ್ದಿದ್ದು ಯಾರು ಅಂದ್ರೆ, ಗ್ಯಾಸ್ ಸೋರಿದ್ರೆ ಕೂಗೋ ಡಿಟೆಕ್ಟರ್. ಬಾಗಿಲ ಹತ್ರ 'ಸ್ಟೋರ್' ಅಂತ ಒಂದು ಸ್ವಿಚ್ ಇದೆ, ಅದನ್ನ ಒತ್ತಿದ್ರೆ ಎಲ್ಲ ಬಂದ್ ಅಂದ್ಕೊಂಡಿದ್ದೆ, ಎಲ್ಲಿಯ ಮಾತು, ಡಿಟೆಕ್ಟರ್ ವೈರ್ ನೇರ ಬ್ಯಾಟರಿಗೇ ಹೋಗಿದೆ, ನನ್ನ ಗಾಡೀಲಿ ಸ್ಟೀರಿಯೋ ಮೆಮೊರಿನೂ ಹಾಗೇ. ಎರಡೂ ಸೇರಿ ಅಳೆದ್ರೆ 100 ಮಿಲಿಆಂಪ್ ಹತ್ರ. ಏನೂ ಅಲ್ಲ ಅನ್ಸತ್ತೆ, ಆದ್ರೆ ದಿನಕ್ಕೆ 2.4 ಆಂಪ್ ಅವರ್, ನಮ್ಮ 80 ಆಂಪ್ ಅವರ್ ಬ್ಯಾಟರಿ ತಿಂಗಳಲ್ಲಿ ಖಾಲಿ.

ಆ ವರ್ಷವೇ 9 ಡಾಲರ್‌ಗೆ ಹಿತ್ತಾಳೆಯದೊಂದು ಕಟ್-ಆಫ್ ಸ್ವಿಚ್ ತಂದು ಹೌಸ್ ಬ್ಯಾಟರಿಯ ನೆಗೆಟಿವ್‌ಗೆ ಹಾಕ್ದೆ. ಎತ್ತಿದ್ರೆ ಡಿಟೆಕ್ಟರ್ ಸಮೇತ ಎಲ್ಲಾ ಆಫ್. ಸಿಲಿಂಡರ್ ವಾಲ್ವ್ ಮುಚ್ಚಿರತ್ತೆ, ಒಳಗೆ ಯಾರೂ ಮಲಗಲ್ಲ, ತೊಂದ್ರೆ ಇಲ್ಲ. ವಸಂತದಲ್ಲಿ ಮತ್ತೆ ಹಾಕೋದು ಮಾತ್ರ ಮರೀಬೇಡಿ. ಮೇಂಟೇನರ್ ವೈರ್ ನೇರ ಬ್ಯಾಟರಿ ಟರ್ಮಿನಲ್‌ಗೇ ಇರೋದ್ರಿಂದ ಚಾರ್ಜ್ ನಡೀತಿರತ್ತೆ. ಬೈಕೊಂಡೇ ಹೇಳ್ತೀನಿ, ಆಮೇಲಿನ ಎರಡು ಚಳಿಗಾಲ ಎರಡು ಬ್ಯಾಟರಿನೂ 12.6ಕ್ಕಿಂತ ಕೆಳಗೆ ಇಳಿದಿಲ್ಲ, ಒಂದು ಹನಿ ಡಿಸ್ಟಿಲ್ಡ್ ವಾಟರ್ ಹಾಕಿಲ್ಲ.

ಕರೆಂಟ್ ಬಂದ ಮೇಲೆ ತಾನೇ ಶುರುವಾಗೋ ಮಾಡೆಲ್‌ಗಳೂ ಇವೆ, ಹೊಸದಾಗಿ ತಗೊಳ್ಳೋರು ಅದನ್ನೇ ಕೇಳಿ ತಗೊಳ್ಳಿ. ನನ್ನ ಬಜೆಟ್‌ಗೆ ಇದು ಸಾಯೋವರೆಗೂ ಇದೇ. ಐದಕ್ಕೆ ಮೂರು ಸ್ಟಾರ್. ಬಟನ್ ಒತ್ತೋದನ್ನ ರೈತಜ್ಜನಿಗೆ ಹೇಳ್ಕೊಟ್ಟಿದೀನಿ, ಗಾಳಿ ಮಳೆ ಜೋರಾದ ಮಾರನೇ ದಿನ ಕೇಳ್ದೇನೇ ಒಂದು ಫೋಟೋ ಬರತ್ತೆ: ಎರಡು ಗ್ರೀನ್ ಲೈಟು, ಪಕ್ಕದಲ್ಲಿ ಅವರ ಬೆಕ್ಕು.